ನೋಡುತ್ತಾ ಇರುವುದೂ ಚಿಕಿತ್ಸೆಯೇ

“ಯಾವುದಕ್ಕೂ ಒಂದು ಸ್ಕ್ಯಾನ್ ಮಾಡಿಸಿಬಿಡಿ, ಮನಸ್ಸಿಗೆ ಸಮಾಧಾನ ಆಗುತ್ತೆ.” ಮಗು ಬಿದ್ದು ತಲೆಗೆ ಪೆಟ್ಟಾದ ಮನೆಯಲ್ಲಿ ಈ ಮಾತು ಹೇಳುವವರು ಒಬ್ಬರಾದರೂ ಇದ್ದೇ ಇರುತ್ತಾರೆ. ಹೆಚ್ಚಿನ ಸಲ ಸಮಾಧಾನ ಆಗುವುದೂ ನಿಜ. ಆದರೆ ಅಪರೂಪಕ್ಕೆ ಒಮ್ಮೆ, ಸ್ಕ್ಯಾನ್ ನಾವು ಹುಡುಕಲು ಹೋದದ್ದನ್ನು ಬಿಟ್ಟು ಬೇರೇನನ್ನೋ ತೋರಿಸುತ್ತದೆ. ಮೂಳೆ ಮುರಿದಿಲ್ಲ, ರಕ್ತ ಸೋರಿಲ್ಲ, ಪೆಟ್ಟಿನಿಂದ ಏನೂ ಆಗಿಲ್ಲ. ಆದರೆ ಮಿದುಳಿನ ಒಂದು ಮೂಲೆಯಲ್ಲಿ ಸಣ್ಣ ಗೆಡ್ಡೆಯ ಹಾಗೆ ಕಾಣುತ್ತಿದೆ ಎಂದು ರಿಪೋರ್ಟ್ ಬರುತ್ತದೆ. ನಿನ್ನೆಯವರೆಗೆ ಆಡಿಕೊಂಡಿದ್ದ, ಇವತ್ತೂ ಆಡುತ್ತಿರುವ ಮಗುವಿನ ತಲೆಯಲ್ಲಿ ಗೆಡ್ಡೆ!

ಇಂಥವನ್ನು ವೈದ್ಯರು ಆಕಸ್ಮಿಕವಾಗಿ ಪತ್ತೆಯಾದ ಗೆಡ್ಡೆಗಳು ಎನ್ನುತ್ತಾರೆ. ನಾನು ವಾಣಿಜ್ಯ ವಿಭಾಗದ ವಿದ್ಯಾರ್ಥಿನಿ. ನಿನಗ್ಯಾಕೆ ಈ ವಿಷಯ ಎಂದು ವಿಜ್ಞಾನ ವಿಭಾಗದ ಗೆಳತಿಯರು ಕೇಳಬಹುದು. ಈ ಪ್ರಶ್ನೆ ನಮ್ಮ ಮನೆಗೇ ಬಂದಿತ್ತು, ಅದಕ್ಕೆ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಇಷ್ಟೇ: ಹೀಗೆ ಸಿಕ್ಕ ಗೆಡ್ಡೆಯನ್ನು ಕಂಡ ಕೂಡಲೇ ತೆಗೆಸಲು ಓಡುವುದೂ ತಪ್ಪು, ಮಗು ಚೆನ್ನಾಗಿದೆಯಲ್ಲ ಎಂದು ಮರೆತುಬಿಡುವುದೂ ತಪ್ಪು. ಇವೆರಡರ ನಡುವೆ ಒಂದು ದಾರಿ ಇದೆ. ಅದು ಕಾಯುವ ದಾರಿ, ಆದರೆ ಲೆಕ್ಕ ಇಟ್ಟುಕೊಂಡು ಕಾಯುವ ದಾರಿ. ಆ ದಾರಿಯನ್ನು ಮನೆಯವರಿಗೆ ಅರ್ಥ ಮಾಡಿಸುವ ಕೆಲಸ ನಮ್ಮಂಥ ಓದುವ ಮಕ್ಕಳ ಮೇಲೆ ಬೀಳುತ್ತದೆ.

ಮೊದಲು ಇದು ಎಷ್ಟು ಅಪರೂಪ ಎಂದು ನೋಡೋಣ. ನೆದರ್ಲೆಂಡ್ಸ್ ದೇಶದ ರೋಟರ್‌ಡ್ಯಾಮ್ ನಗರದಲ್ಲಿ ‘ಜನರೇಷನ್ ಆರ್’ ಎಂಬ ದೊಡ್ಡ ಅಧ್ಯಯನ ನಡೆಯುತ್ತಿದೆ. ಆ ನಗರದ ಸಾವಿರಾರು ಮಕ್ಕಳನ್ನು ಹುಟ್ಟುವ ಮೊದಲಿನಿಂದಲೇ ಸಂಶೋಧಕರು ಗಮನಿಸುತ್ತಾ ಬಂದಿದ್ದಾರೆ. ಆ ಮಕ್ಕಳಿಗೆ ಹತ್ತು ವರ್ಷದ ಆಸುಪಾಸಿನಲ್ಲಿ ಮಿದುಳಿನ ಎಂಆರ್‌ಐ ಮಾಡಿದರು. ಕಾಯಿಲೆ ಇದೆ ಎಂದಲ್ಲ, ಮಿದುಳು ಹೇಗೆ ಬೆಳೆಯುತ್ತದೆ ಎಂದು ತಿಳಿಯಲು. 2017ರಲ್ಲಿ ಫಲಿತಾಂಶ ಪ್ರಕಟವಾಯಿತು. 3,966 ಮಕ್ಕಳಲ್ಲಿ 25.6 ಶೇಕಡಾ ಮಕ್ಕಳ ಸ್ಕ್ಯಾನ್‌ನಲ್ಲಿ ಏನಾದರೊಂದು ‘ಮಾಮೂಲಲ್ಲದ್ದು’ ಕಂಡಿತು. ಅಂದರೆ ನಾಲ್ಕರಲ್ಲಿ ಒಂದು ಮಗು! ಆದರೆ ವೈದ್ಯರು ಮುಂದೆ ಗಮನಿಸಲೇಬೇಕು ಎನಿಸಿದ ಮಕ್ಕಳು ಕೇವಲ 17. ಗೆಡ್ಡೆ ಇರಬಹುದು ಎಂಬ ಸಂಶಯ ಬಂದದ್ದು 7 ಮಕ್ಕಳಲ್ಲಿ. ಭಾಗಿಸಿ ನೋಡಿದರೆ ಸುಮಾರು 567 ಮಕ್ಕಳಿಗೆ ಒಬ್ಬರು.

ಈ ಲೆಕ್ಕದಲ್ಲಿ ಎರಡು ಪಾಠ ಇದೆ. ಒಂದು, ಸ್ಕ್ಯಾನ್‌ನಲ್ಲಿ ಏನೋ ಕಂಡಿತು ಎಂದರೆ ಹೆಚ್ಚಿನ ಸಲ ಅದು ಏನೂ ಅಲ್ಲ. ನೀರು ತುಂಬಿದ ಸಣ್ಣ ಗುಳ್ಳೆಯೋ, ರಕ್ತನಾಳದ ಒಂದು ಬೇರೆ ತರಹದ ತಿರುವೋ ಆಗಿರುತ್ತದೆ. ನಮ್ಮ ಅಂಗೈ ರೇಖೆಗಳು ಒಬ್ಬರಂತೆ ಒಬ್ಬರಿಗೆ ಇಲ್ಲದಂತೆ ಮಿದುಳೂ ಒಬ್ಬರಂತೆ ಒಬ್ಬರಿಗೆ ಇರುವುದಿಲ್ಲ. ಎರಡನೆಯದು, ಆ ಏಳು ಮಕ್ಕಳು ಸ್ಕ್ಯಾನ್ ಯಂತ್ರದವರೆಗೆ ಯಾವ ರೋಗಿಯಾಗಿಯೂ ಬಂದವರಲ್ಲ. ಅಂದರೆ ಯಾರಿಗೂ ಗೊತ್ತಾಗದೆ ಇಂಥ ಗೆಡ್ಡೆ ಇಟ್ಟುಕೊಂಡು ಆಡುವ, ಓದುವ, ಬೆಳೆಯುವ ಮಕ್ಕಳು ಪ್ರಪಂಚದಲ್ಲಿ ಇದ್ದಾರೆ, ಹಿಂದೆಯೂ ಇದ್ದರು. ಮನುಷ್ಯರ ತಲೆಯ ಮೊದಲ ಸಿಟಿ ಸ್ಕ್ಯಾನ್ ಆದದ್ದೇ 1971ರಲ್ಲಿ, ಲಂಡನ್ನಿನ ಅಟ್ಕಿನ್ಸನ್ ಮಾರ್ಲಿ ಆಸ್ಪತ್ರೆಯಲ್ಲಿ. ಆ ಯಂತ್ರ ಮಾಡಿದ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ವೈದ್ಯರಲ್ಲ, ಹಾಡಿನ ರೆಕಾರ್ಡುಗಳಿಗೆ ಹೆಸರಾದ ಇಎಂಐ ಕಂಪನಿಯ ಎಂಜಿನಿಯರ್. 1979ರಲ್ಲಿ ಅವರಿಗೆ ನೊಬೆಲ್ ಬಂತು. ಅದಕ್ಕೂ ಮೊದಲು ಇಷ್ಟು ಸಣ್ಣ ಗಂಟುಗಳನ್ನು ಹೊರಗಿನಿಂದ ನೋಡುವ ದಾರಿಯೇ ಇರಲಿಲ್ಲ.

ಹಾಗಾದರೆ ಹೀಗೆ ಸಿಗುವ ಗೆಡ್ಡೆಗಳು ಎಂಥವು? ವಿಶ್ವ ಆರೋಗ್ಯ ಸಂಸ್ಥೆ ಮಿದುಳಿನ ಗೆಡ್ಡೆಗಳಿಗೆ 1ರಿಂದ 4ರವರೆಗೆ ದರ್ಜೆ ಕೊಟ್ಟಿದೆ. ಪರೀಕ್ಷೆಯ ದರ್ಜೆಯ ಹಾಗಲ್ಲ, ಇಲ್ಲಿ 1 ಎಂದರೆ ತೀರಾ ನಿಧಾನವಾಗಿ ಬೆಳೆಯುವುದು, 4 ಎಂದರೆ ವೇಗವಾಗಿ ಬೆಳೆಯುವುದು. ಚಿಕ್ಕ ಮಕ್ಕಳಲ್ಲಿ ಆಕಸ್ಮಿಕವಾಗಿ ಸಿಗುವುದರಲ್ಲಿ ಕೆಳದರ್ಜೆಯ ಗ್ಲಯೋಮಾಗಳೇ ಹೆಚ್ಚು. ಡಿಎನ್‌ಇಟಿ ಎಂಬ ಇನ್ನೊಂದು ಅಪರೂಪದ ಗೆಡ್ಡೆ ಇದೆ. ಸಾಮಾನ್ಯವಾಗಿ ಫಿಟ್ಸ್ ಬಂದಾಗ ಅದು ಗೊತ್ತಾಗುತ್ತದೆ, ಕೆಲವೊಮ್ಮೆ ಫಿಟ್ಸ್ ಬರುವ ಮೊದಲೇ ಬೇರೆ ಕಾರಣಕ್ಕೆ ಮಾಡಿದ ಸ್ಕ್ಯಾನ್‌ನಲ್ಲಿ ಕಾಣುತ್ತದೆ. ಅದೂ 1ನೇ ದರ್ಜೆಯದು. ಮಿದುಳಿನ ನೀರು ತಯಾರಿಸುವ ಭಾಗದಲ್ಲಿ ಹುಟ್ಟುವ ಒಂದು ಗೆಡ್ಡೆ ಎಳೆಯ ಮಕ್ಕಳಲ್ಲಿ ಕಾಣಿಸುತ್ತದೆ; ಅದು ಕ್ಯಾನ್ಸರ್ ಅಲ್ಲದಿದ್ದರೂ ನೀರು ಹೆಚ್ಚಾಗಿ ತಲೆ ಊದುವ ಭಯ ಇರುತ್ತದೆ. ಹಾಗಾಗಿ ‘ಗೆಡ್ಡೆ’ ಎಂಬ ಒಂದೇ ಪದದ ಒಳಗೆ ಬೇರೆ ಬೇರೆ ವಿಷಯಗಳಿವೆ. ಯಾವುದು, ಎಲ್ಲಿದೆ, ಎಷ್ಟು ದೊಡ್ಡದು, ಬೆಳೆಯುತ್ತಿದೆಯೇ, ಈ ನಾಲ್ಕರ ಮೇಲೆ ಎಲ್ಲವೂ ನಿಂತಿದೆ. ಅಪರೂಪಕ್ಕೆ ವೇಗವಾಗಿ ಬೆಳೆಯುವ ಗೆಡ್ಡೆಯೂ ಹೀಗೆ ಆಕಸ್ಮಿಕವಾಗಿ ಸಿಕ್ಕಿದ್ದುಂಟು. ಅದಕ್ಕೇ ತಜ್ಞರು ನೋಡಲೇಬೇಕು.

ಗೆಡ್ಡೆ ಸಣ್ಣದು, ಮಗುವಿಗೆ ತೊಂದರೆ ಇಲ್ಲ, ಚಿತ್ರದಲ್ಲಿ ಕೆಳದರ್ಜೆಯದರಂತೆ ಕಾಣುತ್ತದೆ ಎಂದಾದರೆ ಹೆಚ್ಚಿನ ನ್ಯೂರೋ ಸರ್ಜನ್‌ಗಳು ಕೂಡಲೇ ಕತ್ತಿ ಎತ್ತುವುದಿಲ್ಲ. ಕೆಲವು ತಿಂಗಳು ಬಿಟ್ಟು ಮತ್ತೊಂದು ಎಂಆರ್‌ಐ, ಬದಲಾವಣೆ ಇಲ್ಲದಿದ್ದರೆ ಆರು ತಿಂಗಳಿಗೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಹೀಗೆ ನೋಡುತ್ತಾ ಹೋಗುತ್ತಾರೆ. ಯಾಕೆಂದರೆ ಮಿದುಳಿನಲ್ಲಿ ‘ಸುಮ್ಮನೆ ತೆಗೆದುಬಿಡೋಣ’ ಎನ್ನುವ ಜಾಗ ಇಲ್ಲ. ಒಂದು ಕಡೆ ಮಾತು, ಒಂದು ಕಡೆ ಕೈ, ಒಂದು ಕಡೆ ಕಣ್ಣು. ಬೆಳೆಯದೇ ಸುಮ್ಮನಿರುವ ಗಂಟು ತೆಗೆಯಲು ಹೋಗಿ ಮಗುವಿನ ಮಾತು ತೊದಲಿದರೆ ಅದನ್ನು ಯಾರು ವಾಪಸು ಕೊಡುತ್ತಾರೆ?

ಇಷ್ಟು ಪುಸ್ತಕದ ಮಾತು. ಇನ್ನು ಮನೆಯ ಮಾತು ಹೇಳುತ್ತೇನೆ. ನನ್ನ ಖಾಲಾ ಮಗ ಐದು ವರ್ಷದವನು. ಕಳೆದ ವರ್ಷ ಮಹಡಿ ಮೆಟ್ಟಿಲಿನಿಂದ ಬಿದ್ದ. ಎರಡು ಮೂರು ಸಲ ವಾಂತಿ ಮಾಡಿಕೊಂಡು ತೂಕಡಿಸತೊಡಗಿದ. ಸಿಟಿ ಸ್ಕ್ಯಾನ್ ಮಾಡಿಸಿದರು, ಅದು ಬೇಕಾಗಿಯೇ ಇತ್ತು. ಪೆಟ್ಟಿನಿಂದ ಏನೂ ಆಗಿರಲಿಲ್ಲ, ಮರುದಿನ ಬೆಳಿಗ್ಗೆ ಅವನು ಬಿಸ್ಕೆಟ್ ಕೇಳಿದ. ಆದರೆ ಸ್ಕ್ಯಾನ್ ಕೇಂದ್ರದ ಕೌಂಟರ್‌ನಲ್ಲಿ ಕವರ್ ಕೊಟ್ಟವರು “ಇದರಲ್ಲಿ ಟ್ಯೂಮರ್ ಅಂತ ಬರೆದಿದೆ, ದೊಡ್ಡ ಡಾಕ್ಟರಿಗೆ ತೋರಿಸಿ” ಎಂದಷ್ಟೇ ಹೇಳಿ ಮುಂದಿನವರನ್ನು ಕರೆದರು. ಖಾಲಾ ಅಲ್ಲೇ ಕುಳಿತುಬಿಟ್ಟರು.

ಮನೆಗೆ ಬರುವಷ್ಟರಲ್ಲಿ ಆ ಪದ ಬೆಳೆದಿತ್ತು. ನಮ್ಮ ಮನೆಮಾತು ಉರ್ದು. ಟ್ಯೂಮರ್ ಎಂದರೆ ‘ರಸೋಲಿ’, ತಲೆಯ ರಸೋಲಿ ಎಂದರೆ ನಮ್ಮ ನಾನಿಗೆ ಕ್ಯಾನ್ಸರ್, ಕ್ಯಾನ್ಸರ್ ಎಂದರೆ ಮುಂದಿನದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಸಂಜೆಗೆ ಮನೆ ತುಂಬ ಜನ. ಒಬ್ಬರು ಇವತ್ತೇ ಆಪರೇಷನ್ ಮಾಡಿಸಿ ಎಂದರು. ಒಬ್ಬರು ಚಾಕು ತಾಗಿದರೆ ಹರಡುತ್ತದೆ, ಮುಟ್ಟಲೇಬೇಡಿ ಎಂದರು. ಒಬ್ಬರು ನಜರ್ ಆಗಿದೆ ಎಂದರು. ಇನ್ನೊಬ್ಬರು ಮಗುವಿಗೆ ಮೊಬೈಲ್ ಕೊಟ್ಟದ್ದಕ್ಕೇ ಹೀಗಾಯಿತು ಎಂದು ಖಾಲಾ ಕಡೆ ನೋಡಿದರು. ಖಾಲು ಮೂಲೆಯಲ್ಲಿ ಕುಳಿತು ಚೀಟಿ ಎತ್ತಿದರೆ ಎಷ್ಟು ಸಿಗುತ್ತದೆ, ಬಳೆ ಅಡ ಇಟ್ಟರೆ ಎಷ್ಟು ಎಂದು ಲೆಕ್ಕ ಹಾಕುತ್ತಿದ್ದರು. ಯಾವ ಗೆಡ್ಡೆ ಎಂದು ಇನ್ನೂ ಗೊತ್ತೇ ಇಲ್ಲ, ಆಗಲೇ ತಪ್ಪು ಯಾರದು, ದುಡ್ಡು ಎಷ್ಟು ಎರಡೂ ತೀರ್ಮಾನ ಆಗಿದ್ದವು.

ಬೆಂಗಳೂರಿನ ಆಸ್ಪತ್ರೆಗೆ ಹೋಗುವಾಗ ಕನ್ನಡ, ಇಂಗ್ಲಿಷ್ ಬರುತ್ತದೆ ಎಂದು ನನ್ನನ್ನೂ ಕರೆದುಕೊಂಡು ಹೋದರು. ಎಂಆರ್‌ಐ ನೋಡಿದ ಡಾಕ್ಟರ್ ಕನ್ನಡದಲ್ಲಿ ನಿಧಾನವಾಗಿ ಹೇಳಿದರು, ನಡುನಡುವೆ ಇಂಗ್ಲಿಷ್ ಪದ. ಖಾಲಾ ನನ್ನ ಮುಖವನ್ನೇ ನೋಡುತ್ತಿದ್ದರು. ಉರ್ದುವಿನಲ್ಲಿ ಯಾವ ಪದ ಬಳಸಲಿ ಎಂದು ನಾನು ಡಾಕ್ಟರನ್ನೇ ಕೇಳಿದೆ. ಅವರು ಹೇಳಿದ ಮಾತು ಈಗಲೂ ನೆನಪಿದೆ: “ಕ್ಯಾನ್ಸರ್ ಅಂತ ಹೇಳಬೇಡಮ್ಮ. ಕ್ಯಾನ್ಸರ್ ಅಲ್ಲವೇ ಅಲ್ಲ ಅಂತ ಆಣೆಯನ್ನೂ ಇಡಬೇಡ. ನೋಡ್ತಾ ಇರಬೇಕಾದ ಒಂದು ಗಂಟು, ಮೂರು ತಿಂಗಳಿಗೆ ಮತ್ತೆ ಬನ್ನಿ ಅಂತ ಹೇಳು.” ನಾನು ಅಷ್ಟನ್ನೇ ಹೇಳಿದೆ. ಖಾಲಾ ಕೇಳಿದ ಮೊದಲ ಪ್ರಶ್ನೆ, “ಹಾಗಾದರೆ ಇವನನ್ನು ಸ್ಕೂಲಿಗೆ ಕಳಿಸಬಹುದಾ?” ಕಳಿಸಬಹುದು ಎಂದರು ಡಾಕ್ಟರ್.

ಇದಾದ ಮೇಲೆ ಎರಡು ಎಂಆರ್‌ಐ ಆಗಿವೆ. ಗಂಟು ಇದ್ದ ಹಾಗೇ ಇದೆ. ಈಗ ಮನೆಯಲ್ಲಿ ಇನ್ನೊಂದು ಮಾತು ಶುರುವಾಗಿದೆ: “ಏನೂ ಆಗಿಲ್ಲವಲ್ಲ, ಮತ್ತೆ ಯಾಕೆ ಬೆಂಗಳೂರಿಗೆ ಹೋಗಿ ದುಡ್ಡು ಸುರಿಯುತ್ತೀರಿ?” ಅಂದು ಇವತ್ತೇ ಆಪರೇಷನ್ ಎಂದವರೇ ಇಂದು ಸ್ಕ್ಯಾನೇ ಬೇಡ ಎನ್ನುತ್ತಾರೆ. ಎರಡಕ್ಕೂ ಕಾರಣ ಒಂದೇ. ನಡುವೆ ನಿಲ್ಲುವುದು ಕಷ್ಟ. ಆಚೆಗೋ ಈಚೆಗೋ ಹೋಗಿಬಿಟ್ಟರೆ ಹಗುರವಾಗುತ್ತದೆ.

ನಮ್ಮ ಲೆಕ್ಕಶಾಸ್ತ್ರದಲ್ಲಿ ಸಂಭಾವ್ಯ ಹೊಣೆ ಎಂಬುದೊಂದು ಬರುತ್ತದೆ. ಕಂಪನಿಯ ಮೇಲೆ ಯಾರೋ ಕೋರ್ಟಿನಲ್ಲಿ ದಾವೆ ಹೂಡಿದ್ದಾರೆ ಎಂದುಕೊಳ್ಳಿ. ಸೋತರೆ ಹಣ ಕೊಡಬೇಕು, ಗೆದ್ದರೆ ಏನೂ ಇಲ್ಲ. ಅದನ್ನು ಸಾಲ ಎಂದು ಆಸ್ತಿ-ಹೊಣೆ ಪಟ್ಟಿಯ ಅಂಕಣದಲ್ಲಿ ಬರೆದು ಕಂಪನಿಯನ್ನು ದಿವಾಳಿ ಎಂದು ತೋರಿಸುವಂತಿಲ್ಲ. ಹಾಗೆಂದು ಮುಚ್ಚಿಡುವಂತೆಯೂ ಇಲ್ಲ. ಕೆಳಗೆ ಟಿಪ್ಪಣಿಯಲ್ಲಿ ಬರೆಯಬೇಕು, ಪ್ರತಿ ವರ್ಷ ಮತ್ತೆ ನೋಡಬೇಕು. ಆಕಸ್ಮಿಕವಾಗಿ ಸಿಕ್ಕ ಗೆಡ್ಡೆಯೂ ಹಾಗೇ. ಅದು ಇನ್ನೂ ಕಾಯಿಲೆಯ ಅಂಕಣಕ್ಕೆ ಬಂದಿಲ್ಲ, ಆದರೆ ಟಿಪ್ಪಣಿಯಿಂದ ಅಳಿಸಬಾರದು. ಖಾಲು ಅಂಗಡಿ ಲೆಕ್ಕ ಬರೆಯುವವರು. ಹೀಗೆ ಹೇಳಿದ್ದು ಅವರಿಗೆ ಬೇರೆಲ್ಲದಕ್ಕಿಂತ ಬೇಗ ಅರ್ಥವಾಯಿತು.

ಇಲ್ಲಿ ಒಂದು ಪ್ರಶ್ನೆ ಬರುತ್ತದೆ. ಕಾಯಿಲೆ ಎಷ್ಟು ಬೇಗ ಸಿಕ್ಕರೆ ಅಷ್ಟು ಒಳ್ಳೆಯದು ಎಂದು ನಾವೆಲ್ಲ ಕೇಳುತ್ತಾ ಬಂದಿಲ್ಲವೇ? ಹಾಗಾದರೆ ಎಲ್ಲ ಮಕ್ಕಳಿಗೂ ಸ್ಕ್ಯಾನ್ ಮಾಡಿಸಿಬಿಟ್ಟರೆ? ಇದಕ್ಕೆ ಜಪಾನ್ ದೇಶದ ಅನುಭವವೇ ಉತ್ತರ. ನ್ಯೂರೋಬ್ಲಾಸ್ಟೋಮಾ ಎಂಬುದು ನರಗಳ ಅಂಗಾಂಶದಲ್ಲಿ ಹುಟ್ಟುವ ಗೆಡ್ಡೆ, ಮಿದುಳಿನದಲ್ಲ, ಹೆಚ್ಚಾಗಿ ಎಳೆಯ ಮಕ್ಕಳ ಹೊಟ್ಟೆಯ ಭಾಗದಲ್ಲಿ ಕಾಣುತ್ತದೆ. ಅದನ್ನು ಬೇಗ ಹಿಡಿಯಬೇಕೆಂದು ಜಪಾನ್ 1980ರ ದಶಕದಲ್ಲಿ ದೇಶದ ಆರು ತಿಂಗಳ ಕೂಸುಗಳಿಗೆಲ್ಲ ಮೂತ್ರ ಪರೀಕ್ಷೆ ಶುರುಮಾಡಿತು. ಪತ್ತೆಯಾದ ಗೆಡ್ಡೆಗಳ ಸಂಖ್ಯೆ ಏರಿತು. ಆದರೆ ಹೀಗೆ ಸಿಕ್ಕವುಗಳಲ್ಲಿ ಎಷ್ಟೋ ತಾವಾಗಿಯೇ ಕರಗಿ ಹೋಗುವಂಥವಾಗಿದ್ದವು. ಜರ್ಮನಿ ಮತ್ತು ಕೆನಡಾದ ಕ್ವಿಬೆಕ್‌ನಲ್ಲಿ ನಡೆದ ಅಧ್ಯಯನಗಳು 2002ರಲ್ಲಿ ಹೇಳಿದ್ದು, ಇಂಥ ತಪಾಸಣೆಯಿಂದ ಆ ಗೆಡ್ಡೆಯಿಂದ ಸಾಯುವ ಮಕ್ಕಳ ಸಂಖ್ಯೆ ಕಡಿಮೆಯಾಗುವುದಿಲ್ಲ ಎಂದು. ಜಪಾನ್ 2004ರ ಹೊತ್ತಿಗೆ ಆ ಕಾರ್ಯಕ್ರಮ ನಿಲ್ಲಿಸಿತು. ಸುಮ್ಮನಿದ್ದರೆ ಮಾಯವಾಗುತ್ತಿದ್ದ ಗಂಟಿಗಾಗಿ ಎಷ್ಟು ಕೂಸುಗಳಿಗೆ ಆಪರೇಷನ್, ಕೀಮೋ ಆಗಿರಬಹುದು, ಯೋಚಿಸಿ.

ಆದರೆ ಈ ಮಾತನ್ನು ತಪ್ಪಾಗಿ ತಿಳಿಯಬಾರದು. ಲಕ್ಷಣ ಕಾಣುವ ಮಗುವಿನ ವಿಷಯವೇ ಬೇರೆ. ಅಲ್ಲಿ ತಡ ಮಾಡುವುದು ಅಪಾಯ. ಬೆಳಿಗ್ಗೆ ಎದ್ದ ಕೂಡಲೇ ತಲೆನೋವು, ಮತ್ತೆ ಮತ್ತೆ ವಾಂತಿ, ಚೆನ್ನಾಗಿ ನಡೆಯುತ್ತಿದ್ದ ಮಗು ತೂರಾಡುವುದು, ಹೊಸದಾಗಿ ಮೆಳ್ಳೆಗಣ್ಣು, ಫಿಟ್ಸ್, ಕೂಸಿನ ತಲೆ ಬೇಗ ದೊಡ್ಡದಾಗುವುದು, ಇವುಗಳಲ್ಲಿ ಯಾವುದು ಕಂಡರೂ ವೈದ್ಯರ ಹತ್ತಿರ ಹೋಗಲೇಬೇಕು. ಬ್ರಿಟನ್ನಿನಲ್ಲಿ 2011ರಲ್ಲಿ ‘ಹೆಡ್‌ಸ್ಮಾರ್ಟ್’ ಎಂಬ ಅಭಿಯಾನ ಇಂಥ ಲಕ್ಷಣಗಳ ಸಣ್ಣ ಕಾರ್ಡನ್ನು ಶಾಲೆಗಳಿಗೆ, ತಂದೆತಾಯಿಗಳಿಗೆ, ವೈದ್ಯರಿಗೆ ಹಂಚಿತು. ಹಿಂದೆ ಲಕ್ಷಣ ಕಂಡು ಗೆಡ್ಡೆ ಪತ್ತೆಯಾಗಲು ಅಲ್ಲಿ ಸುಮಾರು 14 ವಾರ ಹಿಡಿಯುತ್ತಿತ್ತು. 2013ರ ವೇಳೆಗೆ ಅದು 7 ವಾರಕ್ಕಿಂತ ಕಡಿಮೆಗೆ ಇಳಿಯಿತು. ಅಂದರೆ ಬೇಕಾದದ್ದು ಎಲ್ಲರಿಗೂ ಸ್ಕ್ಯಾನ್ ಅಲ್ಲ, ಎಲ್ಲರಿಗೂ ತಿಳಿವಳಿಕೆ.

ಬಿದ್ದ ಮಗುವಿಗೆಲ್ಲ ಸಿಟಿ ಬೇಕು ಎಂಬುದೂ ಸರಿಯಲ್ಲ. ಅಮೆರಿಕದ ಕಡೆ 25 ಆಸ್ಪತ್ರೆಗಳಲ್ಲಿ ತಲೆಗೆ ಪೆಟ್ಟಾಗಿ ಬಂದ 42,412 ಮಕ್ಕಳನ್ನು ಗಮನಿಸಿ 2009ರಲ್ಲಿ ಒಂದು ವರದಿ ಬಂತು. ನಿಜವಾಗಿ ಗಂಭೀರ ಪೆಟ್ಟು ಇದ್ದದ್ದು ನೂರಕ್ಕೆ ಒಬ್ಬರಿಗಿಂತ ಕಡಿಮೆ. ಪ್ರಜ್ಞೆ ತಪ್ಪಿತೇ, ವಾಂತಿ ಆಯಿತೇ, ಮಂಕಾಗಿದೆಯೇ, ಎಷ್ಟು ಎತ್ತರದಿಂದ ಬಿತ್ತು ಎಂದು ನೋಡಿಯೇ ಯಾರಿಗೆ ಸ್ಕ್ಯಾನ್ ಬೇಡ ಎಂದು ವೈದ್ಯರು ಹೇಳಬಹುದು. ಸಿಟಿಯಲ್ಲಿ ಎಕ್ಸ್-ರೇ ಕಿರಣ ಇರುತ್ತದೆ. ಹತ್ತು ವರ್ಷದೊಳಗಿನ 10,000 ಮಕ್ಕಳಿಗೆ ತಲೆಯ ಸಿಟಿ ಮಾಡಿದರೆ ಮುಂದಿನ ಹತ್ತು ವರ್ಷದಲ್ಲಿ ಸುಮಾರು ಒಂದು ರಕ್ತದ ಕ್ಯಾನ್ಸರ್, ಒಂದು ಮಿದುಳಿನ ಗೆಡ್ಡೆ ಹೆಚ್ಚಾಗಬಹುದು ಎಂದು ಬ್ರಿಟನ್ನಿನ 2012ರ ಅಧ್ಯಯನ ಲೆಕ್ಕ ಹಾಕಿದೆ. ಬಹಳ ಸಣ್ಣ ಅಪಾಯ. ಬೇಕಾದಾಗ ಸ್ಕ್ಯಾನ್ ಮಾಡಿಸಲು ಹೆದರಬೇಕಿಲ್ಲ. ಆದರೆ ವೈದ್ಯರು ಬೇಡ ಎಂದ ಮೇಲೆ ‘ಸಮಾಧಾನಕ್ಕೆ’ ಎಂದು ಹಟ ಹಿಡಿಯಬಾರದು.

ಗೆಳೆಯರೇ, ನಮ್ಮ ಕಾಲೇಜಿನಲ್ಲಿ ಬಹಳ ಜನ ಮನೆಯ ದುಭಾಷಿಗಳು. ಬ್ಯಾಂಕಿನ ಫಾರಂ, ಕರೆಂಟ್ ಬಿಲ್, ರೇಷನ್ ಕಾರ್ಡಿನ ಮೆಸೇಜ್ ಎಲ್ಲ ನಮ್ಮ ಕೈಗೇ ಬರುತ್ತದೆ. ಒಂದು ದಿನ ಸ್ಕ್ಯಾನ್ ರಿಪೋರ್ಟ್ ಕೂಡ ಬರಬಹುದು. ಆಗ ಗೂಗಲ್ ಮಾಡಿ ಕಂಡ ಮೊದಲ ಸಾಲನ್ನು ಅಮ್ಮಿಗೆ ಓದಿ ಹೇಳಬೇಡಿ. ಡಾಕ್ಟರ್ ಮುಂದೆ ಕುಳಿತಾಗ ಇವನ್ನು ಕೇಳಿ: ಇದು ಯಾವ ತರಹದ್ದು ಎಂದು ನಿಮಗೆ ಅನಿಸುತ್ತದೆ? ಈಗಲೇ ಏನಾದರೂ ಮಾಡಬೇಕೇ, ಕಾಯಬಹುದೇ? ಕಾದರೆ ಮುಂದಿನ ಸ್ಕ್ಯಾನ್ ಯಾವ ದಿನ? ಯಾವ ಲಕ್ಷಣ ಕಂಡರೆ ಆ ದಿನದವರೆಗೆ ಕಾಯದೆ ಓಡಿ ಬರಬೇಕು? ಇನ್ನೊಬ್ಬ ತಜ್ಞರ ಅಭಿಪ್ರಾಯ ಪಡೆಯಬಹುದೇ? ಉತ್ತರಗಳನ್ನು ಬರೆದುಕೊಳ್ಳಿ. ಹಳೆಯ ಸ್ಕ್ಯಾನಿನ ಫಿಲ್ಮ್, ಸಿಡಿ ಎರಡನ್ನೂ ಜೋಪಾನವಾಗಿಡಿ. ಹಳೆಯದು ಇಲ್ಲದಿದ್ದರೆ ಬೆಳೆದಿದೆಯೋ ಇಲ್ಲವೋ ಎಂದು ಹೇಳಲು ಯಾವ ಡಾಕ್ಟರಿಗೂ ಆಗುವುದಿಲ್ಲ.

ದುಡ್ಡಿನ ಮಾತೂ ಇದೆ. ಕಾಯುವುದಕ್ಕೂ ಖರ್ಚಿದೆ: ಬಸ್ಸು, ಸ್ಕ್ಯಾನು, ಒಂದು ದಿನದ ಕೂಲಿ. ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ, ರಫಿ ಅಹ್ಮದ್ ಕಿದ್ವಾಯಿ ಅವರ ಹೆಸರಿನ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ ಇದೆ, ಎರಡೂ ಸರ್ಕಾರಿ. ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಅರ್ಹ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ನೆರವಿದೆ. ಬಳೆ ಅಡ ಇಡುವ ಮೊದಲು ಕಾರ್ಡು ಇದೆಯೇ ಎಂದು ನೋಡಿ, ಯಾವುದಕ್ಕೆ ಅನ್ವಯಿಸುತ್ತದೆ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳಿ.

ನಮ್ಮ ಪ್ರಾಂಶುಪಾಲರಿಗೂ ಎನ್ನೆಸ್ಸೆಸ್ ಘಟಕದ ಸರ್ ಅವರಿಗೂ ಒಂದು ಮನವಿ. ವರ್ಷಕ್ಕೊಮ್ಮೆ ರಕ್ತದಾನ ಶಿಬಿರ ಮಾಡುತ್ತೇವೆ, ಒಳ್ಳೆಯದು. ಅದರ ಜೊತೆ ಒಂದು ಮಧ್ಯಾಹ್ನ ಒಬ್ಬ ಮಕ್ಕಳ ತಜ್ಞರನ್ನು ಕರೆಸಿ, ರಿಪೋರ್ಟ್ ಓದುವುದು ಹೇಗೆ, ಯಾವ ಲಕ್ಷಣಕ್ಕೆ ಹೆದರಬೇಕು, ಯಾವುದಕ್ಕೆ ಬೇಡ ಎಂದು ಹೇಳಿಸಬಹುದೇ? ಆ ಲಕ್ಷಣಗಳನ್ನು ಕನ್ನಡ, ಉರ್ದು ಎರಡರಲ್ಲೂ ಒಂದೇ ಹಾಳೆಯಲ್ಲಿ ಅಚ್ಚು ಹಾಕಿಸಿದರೆ ನಾವೇ ಮನೆಮನೆಗೆ, ಅಂಗನವಾಡಿಗೆ, ಮದರಸಾಗೆ ಕೊಟ್ಟು ಬರುತ್ತೇವೆ. ಅನುವಾದ ಮಾಡಲು ನಮ್ಮ ತರಗತಿಯಲ್ಲೇ ಹತ್ತು ಜನ ಸಿಗುತ್ತಾರೆ.

ನಾನಿ ಈಗಲೂ ಐದು ಹೊತ್ತೂ ದುವಾ ಮಾಡುತ್ತಾರೆ. ದುವಾನೂ ಬೇಕು, ದವಾನೂ ಬೇಕು ಎನ್ನುವುದು ನಮ್ಮ ಮನೆಗಳ ಹಳೆಯ ಮಾತು. ಅದಕ್ಕೆ ಇನ್ನೊಂದು ಸೇರಿಸಬೇಕು: ತಾರೀಕೂ ಬೇಕು. ಮುಂದಿನ ಸ್ಕ್ಯಾನಿನ ತಾರೀಕನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಅಲ್ಲಿಯವರೆಗೆ ಮಗುವನ್ನು ಮಗುವಾಗಿಯೇ ಇರಲು ಬಿಡಬೇಕು. ಓಡಲಿ, ಬೀಳಲಿ, ಸ್ಕೂಲಿಗೆ ಹೋಗಲು ಅಳಲಿ. ರೋಗಿ ಎಂದು ಅವನನ್ನು ನೋಡುವ ಕೆಲಸ ಡಾಕ್ಟರಿಗೇ ಇರಲಿ, ಅದೂ ಆ ತಾರೀಕಿಗೆ ಮಾತ್ರ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ